ತಾರತಮ್ಯದ ದೂರುಗಳು: ವಕೀಲರ ನೆರವು ಹಾಗೂ ಮೇಲ್ಮನವಿ

ದೇವನಹಳ್ಳಿ ತಾಲ್ಲೂಕಿನ ಆವತಿಯಂತಹ ಗ್ರಾಮದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿಯೂ ಅಂಗನವಾಡಿ ಕಾರ್ಯಕರ್ತೆಯೂ ಒಂದೇ ಬೀದಿಯಲ್ಲಿ ಸೇವೆ ಸಲ್ಲಿಸುತ್ತಿರಬಹುದು. ಆದರೆ ಕೆಲಸದ ಸ್ಥಳದಲ್ಲಿ ತಾರತಮ್ಯವಾದಲ್ಲಿ ಇವರಿಬ್ಬರೂ ಪರಿಹಾರ ಕೋರಬೇಕಾದ ನ್ಯಾಯಪೀಠಗಳು ಬೇರೆ ಬೇರೆ. ಇದನ್ನು ಮೊದಲೇ ತಿಳಿಯದಿದ್ದಲ್ಲಿ ಅರ್ಜಿಯು ವಿಚಾರಣೆಗೆ ಬಾರದೆ ತಿರಸ್ಕೃತವಾಗುವ ಸಂಭವವಿರುತ್ತದೆ.

ರಾಜ್ಯ ಸಿವಿಲ್ ಸೇವೆಯ ನೌಕರರು ಬಡ್ತಿ, ಜ್ಯೇಷ್ಠತೆ, ವರ್ಗಾವಣೆ, ದಂಡನೆ ಮುಂತಾದ ವಿಷಯಗಳಲ್ಲಿ ಆಡಳಿತ ನ್ಯಾಯಮಂಡಳಿಗಳ ಅಧಿನಿಯಮ, 1985ರ ಮೇರೆಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸತಕ್ಕದ್ದು. ಅಂಗನವಾಡಿ ಕಾರ್ಯಕರ್ತೆಯರು ಸಿವಿಲ್ ಹುದ್ದೆ ಹೊಂದಿದವರಲ್ಲವೆಂದು ಕರ್ನಾಟಕ ರಾಜ್ಯ ವಿರುದ್ಧ ಅಮೀರ್‌ಬಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ತೀರ್ಪು ನೀಡಿರುವುದರಿಂದ, ಅವರ ಅರ್ಜಿ ನ್ಯಾಯಮಂಡಳಿಯಲ್ಲಿ ನಿಲ್ಲುವುದಿಲ್ಲ. ಅವರು ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಸಲ್ಲಿಸಬಹುದು.

ನ್ಯಾಯಮಂಡಳಿಗೆ ಹೋಗುವ ಮುನ್ನ ಇಲಾಖೆಯೊಳಗಿನ ಪರಿಹಾರ ಮಾರ್ಗವನ್ನು ಸಾಮಾನ್ಯವಾಗಿ ಬಳಸಿರಬೇಕು. 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ ಮೇರೆಗೆ ದಂಡನೆಯ ಆದೇಶದ ಪ್ರತಿ ತಲುಪಿದ 3 ತಿಂಗಳೊಳಗೆ ಮೇಲ್ಮನವಿ ಸಲ್ಲಿಸತಕ್ಕದ್ದು. ಅಂತಿಮ ಆದೇಶ ಬಂದಲ್ಲಿ, ಆ ದಿನಾಂಕದಿಂದ 1 ವರ್ಷದೊಳಗೆ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು. ಆರು ತಿಂಗಳು ಕಳೆದರೂ ಆದೇಶ ಬಾರದಿದ್ದಲ್ಲಿ ಕಾಯುತ್ತ ಕೂರುವ ಅಗತ್ಯವಿಲ್ಲ. ಆ ಆರು ತಿಂಗಳು ಮುಗಿದಂದಿನಿಂದ 1 ವರ್ಷದ ಅವಧಿ ಆರಂಭವಾಗುತ್ತದೆ. ಇಲ್ಲಿ ನೌಕರರು ವಿಶೇಷ ಎಚ್ಚರ ವಹಿಸುವುದು ಅಗತ್ಯ. ಮೇಲಿಂದ ಮೇಲೆ ಮನವಿ, ಜ್ಞಾಪನ ಪತ್ರಗಳನ್ನು ಬರೆಯುತ್ತಿದ್ದ ಮಾತ್ರಕ್ಕೆ ಕಾಲಮಿತಿ ಮುಂದೆ ಹೋಗುವುದಿಲ್ಲವೆಂದು ಎಸ್.ಎಸ್. ರಾಥೋರ್ ಪ್ರಕರಣದಲ್ಲಿ 1989ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ವಿಳಂಬಕ್ಕೆ ಸಾಕಷ್ಟು ಕಾರಣವಿದ್ದಲ್ಲಿ ನ್ಯಾಯಮಂಡಳಿಯು ಮನ್ನಿಸಬಹುದಾದರೂ, ಅದನ್ನು ಹಕ್ಕೆಂದು ಭಾವಿಸಬಾರದು.

ನ್ಯಾಯಮಂಡಳಿಯ ಮುಂದೆ ಅರ್ಜಿದಾರರು ಸ್ವತಃ ಹಾಜರಾಗಬಹುದು ಅಥವಾ ವಕೀಲರನ್ನು ನೇಮಿಸಿಕೊಳ್ಳಬಹುದು. ಇಲಾಖಾ ವಿಚಾರಣೆಯಲ್ಲಿ ಹಾಗಲ್ಲ. ಅಲ್ಲಿ ಮತ್ತೊಬ್ಬ ಸರ್ಕಾರಿ ನೌಕರರ ನೆರವು ಪಡೆಯಬಹುದು; ಮಂಡನಾಧಿಕಾರಿಯು ವಕೀಲರಾಗಿದ್ದಲ್ಲಿ ಅಥವಾ ಶಿಸ್ತು ಪ್ರಾಧಿಕಾರವು ಅನುಮತಿಸಿದಲ್ಲಿ ಮಾತ್ರ ವಕೀಲರಿಗೆ ಅವಕಾಶವುಂಟು.

ಲೈಂಗಿಕ ಕಿರುಕುಳದ ದೂರಿನಲ್ಲಂತೂ, 2013ರ ನಿಯಮಗಳ ಮೇರೆಗೆ, ಸಮಿತಿಯ ಮುಂದೆ ಯಾವ ಹಂತದಲ್ಲಿಯೂ ಎರಡೂ ಕಡೆಯವರು ವಕೀಲರ ಮೂಲಕ ಹಾಜರಾಗುವಂತಿಲ್ಲ. ಆದ್ದರಿಂದ ದೂರಿನಲ್ಲಿ ದಿನಾಂಕ, ಸ್ಥಳ, ಸಾಕ್ಷಿಗಳ ವಿವರವನ್ನು ಆರಂಭದಲ್ಲಿಯೇ ಪೂರ್ಣವಾಗಿ ಬರೆಯುವುದು ಸೂಕ್ತ. ಮುಂದೆ ಮೇಲ್ಮನವಿಯಲ್ಲಿ ವಕೀಲರು ಆಧರಿಸುವುದು ಮುಖ್ಯವಾಗಿ ಈ ದಾಖಲೆಯನ್ನೇ. ಘಟನೆಯ 3 ತಿಂಗಳೊಳಗೆ ಲಿಖಿತ ದೂರು ನೀಡಬೇಕು. ಹತ್ತಕ್ಕಿಂತ ಕಡಿಮೆ ಸಿಬ್ಬಂದಿಯಿರುವ ಕಾರಣ ಆಂತರಿಕ ಸಮಿತಿ ಇಲ್ಲದಿದ್ದಲ್ಲಿ (ಅಂಗನವಾಡಿ ಕೇಂದ್ರ ಇದಕ್ಕೆ ಉದಾಹರಣೆ) ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು. ಸಮಿತಿಯ ಶಿಫಾರಸಿನಿಂದ ಬಾಧಿತರಾದವರಿಗೆ ಮೇಲ್ಮನವಿಗೆ 90 ದಿನಗಳ ಅವಧಿಯಿದೆ.

ನ್ಯಾಯಮಂಡಳಿಯ ತೀರ್ಪಿನ ವಿರುದ್ಧ, ಎಲ್. ಚಂದ್ರಕುಮಾರ್ ಪ್ರಕರಣದ 1997ರ ತೀರ್ಪಿನಂತೆ, ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠದ ಮುಂದೆ ರಿಟ್ ಅರ್ಜಿ ಸಲ್ಲಿಸಲು ಅವಕಾಶವಿದೆ.

ವಕೀಲರ ಶುಲ್ಕ ಭರಿಸಲಾಗದೆಂದು ಹಿಂಜರಿಯಬೇಕಾಗಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಹಾಗೂ ವಿಕಲಚೇತನರು ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಕಲಂನಡಿ, ಆದಾಯ ಮಿತಿಯಿಲ್ಲದೆ, ಉಚಿತ ಕಾನೂನು ನೆರವಿಗೆ ಅರ್ಹರು. ಆವತಿಯವರು ದೇವನಹಳ್ಳಿಯ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿಯೊಡನೆ ಆದೇಶದ ಪ್ರತಿಯನ್ನೂ, ಅದು ತಲುಪಿದ ದಿನಾಂಕವನ್ನು ತೋರಿಸುವ ದಾಖಲೆಯನ್ನೂ ಲಗತ್ತಿಸುವುದು.