ಗ್ರಹಗಳ ಗಾತ್ರ

ಮೋಡವಿಲ್ಲದ ಇರುಳಿನಲ್ಲಿ ಆಕಾಶವನ್ನು ದಿಟ್ಟಿಸಿದರೆ ಗ್ರಹಗಳೆಲ್ಲವೂ ಬೆಳಕಿನ ಚುಕ್ಕೆಗಳಂತೆಯೇ ತೋರುತ್ತವೆ. ಅವುಗಳಲ್ಲಿ ಶುಕ್ರನೇ ಅತ್ಯಂತ ಉಜ್ಜ್ವಲನು. ಆದುದರಿಂದ ಅವನೇ ಎಲ್ಲಕ್ಕಿಂತ ದೊಡ್ಡ ಗ್ರಹವೆಂದು ಬಗೆದರೆ ನಾವು ಮೋಸಹೋಗುತ್ತೇವೆ. ಶುಕ್ರನು ನಮಗೆ ಸಮೀಪದಲ್ಲಿರುವುದರಿಂದಲೂ, ಅವನನ್ನು ಕವಿದಿರುವ ದಟ್ಟವಾದ ಮೋಡಗಳು ಸೂರ್ಯನ ಬೆಳಕಿನ ಬಹುಭಾಗವನ್ನು ಪ್ರತಿಫಲಿಸುವುದರಿಂದಲೂ ಅಷ್ಟು ಹೊಳೆಯುತ್ತಾನೆ. ಅವನಿಗಿಂತ ಮಂಕಾಗಿ ಕಾಣುವ ಗುರುವಿನ ವ್ಯಾಸವಾದರೋ ಅವನ ವ್ಯಾಸದ ಸುಮಾರು ಹನ್ನೆರಡರಷ್ಟಿದೆ!

ಹಾಗಾದರೆ ಗ್ರಹವೊಂದರ ನಿಜವಾದ ಗಾತ್ರವನ್ನು ಅರಿಯುವ ಬಗೆ ಯಾವುದು? ದೂರದರ್ಶಕದಲ್ಲಿ ನೋಡಿದಾಗ ಗ್ರಹವು ಚುಕ್ಕೆಯಾಗಿ ಉಳಿಯದೆ ಒಂದು ಪುಟ್ಟ ಬಿಲ್ಲೆಯಂತೆ ಕಾಣುತ್ತದೆ. ಆ ಬಿಲ್ಲೆಯ ಎರಡು ಅಂಚುಗಳ ನಡುವಣ ಕೋನವನ್ನು ಅಳೆದು, ಗ್ರಹವು ಇರುವ ದೂರವನ್ನೂ ತಿಳಿದುಕೊಂಡರೆ ವ್ಯಾಸವನ್ನು ಗಣಿತದಿಂದ ಪಡೆಯಬಹುದು. ದೂರ ತಿಳಿಯದೆ ಗಾತ್ರ ತಿಳಿಯದು.

ಹೀಗೆ ದೊರೆತ ಅಳತೆಗಳು ಬಹು ದೊಡ್ಡವು. ಭೂಮಿಯ ವ್ಯಾಸ 12,756 ಕಿಲೋಮೀಟರು. ಗುರುವಿನದು ಸುಮಾರು 1,43,000 ಕಿಲೋಮೀಟರು. ಇವನ್ನು ಮನಸ್ಸಿಗೆ ತಂದುಕೊಳ್ಳಲು ನಮ್ಮ ಅಡಿಗೆಮನೆಯ ಪದಾರ್ಥಗಳೇ ಸಾಕು. ಭೂಮಿಯನ್ನು ಒಂದು ಸೆಂಟಿಮೀಟರು ವ್ಯಾಸದ ದೊಡ್ಡ ಬಟಾಣಿಕಾಳೆಂದು ಭಾವಿಸೋಣ. ಆಗ ಶುಕ್ರನು ಅದಕ್ಕಿಂತ ತುಸುವೇ ಚಿಕ್ಕದಾದ ಮತ್ತೊಂದು ಬಟಾಣಿ. ಮಂಗಳನು ಒಂದು ದಪ್ಪ ಮೆಣಸುಕಾಳು. ಬುಧನು ಅದಕ್ಕಿಂತ ಸಣ್ಣ ಮೆಣಸುಕಾಳು. ಯುರೇನಸ್ ಮತ್ತು ನೆಪ್ಚೂನ್‌ಗಳು ಎರಡು ನಿಂಬೆಹಣ್ಣುಗಳು. ಗುರುವು ಸುಲಿದ ತೆಂಗಿನಕಾಯಿ. ಶನಿಯು ಅದಕ್ಕಿಂತ ಕೊಂಚ ಕಿರಿದಾದ ಇನ್ನೊಂದು ಕಾಯಿ. ಸೂರ್ಯನಾದರೋ ಒಂದು ಮೀಟರಿಗೂ ಮೀರಿದ ವ್ಯಾಸದ ಗೋಳ! ಇದೇ ಪ್ರಮಾಣದಲ್ಲಿ ನಮ್ಮ ಬಟಾಣಿಯನ್ನು ಸೂರ್ಯನಿಂದ ಸುಮಾರು 117 ಮೀಟರು ದೂರದಲ್ಲಿಯೂ ನೆಪ್ಚೂನನ್ನು ಮೂರೂವರೆ ಕಿಲೋಮೀಟರು ದೂರದಲ್ಲಿಯೂ ಇರಿಸಬೇಕಾಗುತ್ತದೆ. ಗ್ರಹಗಳನ್ನು ಒಂದೇ ಪುಟದಲ್ಲಿ ಸಾಲಾಗಿ ತೋರಿಸುವ ಚಿತ್ರಗಳು ಈ ಅಂತರವನ್ನು ಎಂದಿಗೂ ತೋರಿಸಲಾರವು.

ಗಾತ್ರ ಹಿರಿದಾದ ಮಾತ್ರಕ್ಕೆ ದ್ರವ್ಯರಾಶಿಯೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕೆಂಬ ನಿಯಮವಿಲ್ಲ. ಗುರುವಿನಷ್ಟು ಸ್ಥಳವನ್ನು ತುಂಬಲು ಸುಮಾರು 1,300 ಭೂಮಿಗಳು ಬೇಕು. ಆದರೆ ತಕ್ಕಡಿಯಲ್ಲಿ ಅದನ್ನು ಸರಿದೂಗಲು 318 ಭೂಮಿಗಳೇ ಸಾಕು. ಭೂಮಿಯು ಬಂಡೆ ಮತ್ತು ಕಬ್ಬಿಣಗಳಿಂದಾದುದು. ಗುರು ಶನಿಗಳಾದರೋ ಬಹುಪಾಲು ಜಲಜನಕ ಮತ್ತು ಹೀಲಿಯಂಗಳಿಂದಾದವು. ಶನಿಯ ಸರಾಸರಿ ಸಾಂದ್ರತೆಯು ನೀರಿನ ಸಾಂದ್ರತೆಗಿಂತಲೂ ಕಡಮೆ. ಯುರೇನಸ್ಸಿಗಿಂತ ನೆಪ್ಚೂನ್ ಗಾತ್ರದಲ್ಲಿ ಕಿರಿದಾದರೂ ದ್ರವ್ಯರಾಶಿಯಲ್ಲಿ ಹಿರಿದು.

ಅಳತೆಯು ನಿಖರವಾದಂತೆ ನಮ್ಮ ತಿಳಿವಳಿಕೆ ಹೇಗೆ ಬದಲಾಗುತ್ತದೆಂಬುದಕ್ಕೆ ಪ್ಲೂಟೋ ನಿದರ್ಶನ. 1930ರಲ್ಲಿ ಅದನ್ನು ಕಂಡುಹಿಡಿದಾಗ ಒಂಬತ್ತನೆಯ ಗ್ರಹವೆಂದು ಕರೆದರು. ಭೂಮಿಗೆ ಸಮನಾದೀತೆಂದೂ ಕೆಲವರು ಎಣಿಸಿದರು. 1978ರಲ್ಲಿ ಅದರ ಉಪಗ್ರಹವು ಪತ್ತೆಯಾಗಿ, ಅದರ ಚಲನೆಯಿಂದ ಪ್ಲೂಟೋವಿನ ದ್ರವ್ಯರಾಶಿ ತೀರ ಅಲ್ಪವೆಂದು ತಿಳಿಯಿತು. ಅದರ ನೆರೆಯಲ್ಲಿಯೇ ಅಂಥ ಇತರ ಕಾಯಗಳೂ ಕಂಡುಬಂದುದರಿಂದ 2006ರಲ್ಲಿ ಅದನ್ನು ಕುಬ್ಜಗ್ರಹಗಳ ಗುಂಪಿಗೆ ಸೇರಿಸಲಾಯಿತು. 2015ರಲ್ಲಿ ನ್ಯೂ ಹೊರೈಜನ್ಸ್ ಎಂಬ ನೌಕೆಯು ಬಳಿಸಾರಿ ಅಳೆದಾಗ ಅದರ ವ್ಯಾಸ ಸುಮಾರು 2,377 ಕಿಲೋಮೀಟರೆಂದು ಗೊತ್ತಾಯಿತು. ಅದು ನಮ್ಮ ಚಂದ್ರನಿಗಿಂತಲೂ ಚಿಕ್ಕದು!

ಪ್ಲೂಟೋ ಕುಗ್ಗಲಿಲ್ಲ, ಅದನ್ನು ಕುರಿತ ನಮ್ಮ ಊಹೆ ಕುಗ್ಗಿತು. ಕಣ್ಣು ಕಂಡುದನ್ನು ಅಳತೆಯಿಂದ ಪರೀಕ್ಷಿಸಿ, ತಪ್ಪಿದ್ದರೆ ತಿದ್ದಿಕೊಳ್ಳುವುದೇ ವಿಜ್ಞಾನದ ಮಾರ್ಗ. ಒಂದು ಬಟಾಣಿಯ ಮೇಲೆ ನಿಂತ ಮನುಷ್ಯನು ದೂರದ ತೆಂಗಿನಕಾಯಿಯ ಗಾತ್ರವನ್ನು ಅರಿತುದು ಈ ಮಾರ್ಗದಿಂದಲೇ.