ಬೆಂಕಿಗೆ ಸುರಿದ ನೀರಿನ ಲೆಕ್ಕ

2019ರ ಏಪ್ರಿಲ್ 26ರ ಬೆಳಿಗ್ಗೆ ಐಎನ್‌ಎಸ್ ವಿಕ್ರಮಾದಿತ್ಯ ಕಾರವಾರದ ನೌಕಾನೆಲೆಗೆ ಮರಳುತ್ತಿತ್ತು. 284 ಮೀಟರ್ ಉದ್ದದ, ಎಂಟು ಬಾಯ್ಲರ್‌ಗಳ ಹಬೆಯಲ್ಲಿ ಓಡುವ ವಿಮಾನವಾಹಕ ನೌಕೆ. ಬಂದರಿನ ಬಾಯಿಗೆ ಬಂದಾಗ ಒಳಗೆ ಬೆಂಕಿ ಹತ್ತಿತು. ಆರಿಸುವ ತಂಡದ ಮುಂದೆ ನಿಂತು ಒಳಹೊಕ್ಕವರು ಲೆಫ್ಟಿನೆಂಟ್ ಕಮಾಂಡರ್ ಡಿ.ಎಸ್. ಚೌಹಾಣ್, ಮಧ್ಯಪ್ರದೇಶದ ರತ್ಲಾಮ್‌ನವರು. ಬೆಂಕಿ ಬೇಗನೆ ಹತೋಟಿಗೆ ಬಂತು, ಹಡಗಿಗೆ ದೊಡ್ಡ ಪೆಟ್ಟೇನೂ ಬೀಳಲಿಲ್ಲ. ಆದರೆ ಹೊಗೆಯಲ್ಲಿ ಪ್ರಜ್ಞೆ ತಪ್ಪಿದ ಚೌಹಾಣ್ ಬದುಕಲಿಲ್ಲ. ಕಾರವಾರದ ನೌಕಾ ಆಸ್ಪತ್ರೆ ‘ಪತಂಜಲಿ’ಗೆ ಸಾಗಿಸಿದ್ದೂ ಫಲ ಕೊಡಲಿಲ್ಲ. ಅವರ ಮದುವೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ.

ಊರಿನಲ್ಲಿ ಬೆಂಕಿ ಬಿದ್ದರೆ ನಾವು ಹೊರಗೆ ಓಡುತ್ತೇವೆ, ಅಗ್ನಿಶಾಮಕದವರು ಒಳಗೆ ಹೋಗುತ್ತಾರೆ. ನಡುಗಡಲಿನಲ್ಲಿ ಓಡಲು ಹೊರಗೆಂಬುದಿಲ್ಲ, 101 ಒತ್ತಿದರೆ ಎತ್ತುವವರೂ ಇಲ್ಲ. ಅಡುಗೆಯವನು, ಗುಮಾಸ್ತ, ರಾಡಾರ್ ನೋಡುವವನು, ಎಲ್ಲರೂ ಪೈಪು ಹಿಡಿಯಲೇಬೇಕು. ನೌಕಾಪಡೆಯವರು ಇದನ್ನು ‘ಡ್ಯಾಮೇಜ್ ಕಂಟ್ರೋಲ್’ ಎನ್ನುತ್ತಾರೆ. ಬೆಂಕಿ, ಒಳನುಗ್ಗುವ ನೀರು, ಅಣು-ಜೈವಿಕ-ರಾಸಾಯನಿಕ ದಾಳಿ ಎಲ್ಲವನ್ನೂ ಸೇರಿಸಿ ಎನ್‌ಬಿಸಿಡಿ ಎಂಬ ಒಂದೇ ವಿದ್ಯೆಯಾಗಿ ಕಲಿಸುತ್ತಾರೆ.

ಹಡಗೆಂದರೆ ಉಕ್ಕಿನ ಕೋಣೆಗಳ ಗೂಡು. ಕೆಳಗಿನ ಕೋಣೆ ಉರಿದರೆ ಮೇಲಿನದರ ನೆಲ ದೋಸೆಯ ಕಾವಲಿಯಾಗುತ್ತದೆ. ಜ್ವಾಲೆ ದಾಟದಿದ್ದರೂ ಗೋಡೆಯ ಆಚೆ ಬದಿಯ ಬಣ್ಣ, ಕೇಬಲ್ಲು ಹೊತ್ತಿಕೊಳ್ಳುತ್ತವೆ. ಆದ್ದರಿಂದ ಒಂದು ತಂಡ ಒಳಗೆ ಕಾದಾಡುವಾಗ ಉಳಿದವರು ಅಕ್ಕಪಕ್ಕದ, ಮೇಲಿನ, ಕೆಳಗಿನ ಕೋಣೆಗಳಲ್ಲಿ ನಿಂತು ಗೋಡೆಗೆ ನೀರು ಹಾಯಿಸಿ ತಣಿಸುತ್ತಾರೆ. ಇಂಧನದ ಕೊಳವೆ, ಗಾಳಿಯ ದಾರಿ ಮುಚ್ಚುತ್ತಾರೆ. ಬೆನ್ನಿನ ಗಾಳಿ ಸಿಲಿಂಡರ್ ಕಷ್ಟದ ಕೆಲಸದಲ್ಲಿ ಅರ್ಧ ಗಂಟೆ ಬಂದರೆ ಹೆಚ್ಚು. ಯಂತ್ರಕೋಣೆ ಕೈಮೀರಿತೆಂದಾದರೆ ತಲೆ ಎಣಿಸಿ, ಎಲ್ಲರೂ ಹೊರಬಂದರೆಂದು ಖಾತ್ರಿ ಮಾಡಿಕೊಂಡು, ಬಾಗಿಲು ಬಿಗಿದು ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಈ ಕಸುಬಿನ ಅತಿ ಕಠಿಣ ಗಳಿಗೆ ಅದೇ ಇರಬೇಕು. ಎಣಿಕೆಯಲ್ಲಿ ಒಬ್ಬ ತಪ್ಪಿದರೂ ಆ ಅನಿಲ ಅವನನ್ನು ಉಳಿಸುವುದಿಲ್ಲ.

ಇಷ್ಟಾದರೂ ಅರ್ಧ ಕೆಲಸ ಮಾತ್ರ. ಸುರಿದ ನೀರೆಲ್ಲ ಹಡಗಿನೊಳಗೇ ಉಳಿಯುತ್ತದೆ. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್‌ಗಿಂತ ತುಸು ಹೆಚ್ಚು ತೂಗುತ್ತದೆ. ಮೇಲಿನ ಅಂತಸ್ತುಗಳಲ್ಲಿ ಅದು ನಿಂತರೆ ಹಡಗಿನ ತಲೆ ಭಾರವಾಗುತ್ತದೆ. ಹಡಗು ಯಾವ ಕಡೆ ವಾಲಿತೋ ನೀರೂ ಅತ್ತಲೇ ಹರಿದು ಇನ್ನಷ್ಟು ವಾಲಿಸುತ್ತದೆ. 1942ರ ಫೆಬ್ರವರಿ 9ರಂದು ನ್ಯೂಯಾರ್ಕ್ ಬಂದರಿನಲ್ಲಿ ‘ನಾರ್ಮಂಡಿ’ ಎಂಬ ಭವ್ಯ ಪ್ರಯಾಣಿಕ ಹಡಗಿಗೆ ಬೆಸುಗೆಯ ಕಿಡಿಯಿಂದ ಬೆಂಕಿ ತಗುಲಿತು. ಅದರ ವಿನ್ಯಾಸಕಾರ ವ್ಲಾದಿಮಿರ್ ಯುರ್ಕೆವಿಚ್ ಆಗ ಅದೇ ಊರಿನಲ್ಲಿದ್ದ. ತಳದ ಕವಾಟ ತೆರೆದು ಹಡಗನ್ನು ನೆಟ್ಟಗೆ ಕೆಸರಿನಲ್ಲಿ ಕೂರಿಸಿಬಿಡಿ ಎಂದ ಅವನ ಸಲಹೆಯನ್ನು ಅಧಿಕಾರಿಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಂಕಿ ಹತೋಟಿಗೆ ಬಂತು. ನಡುರಾತ್ರಿ ಕಳೆದ ಮೇಲೆ ಹಡಗು ಸುರಿದ ನೀರಿನ ಭಾರಕ್ಕೆ ಪಕ್ಕಕ್ಕೆ ಮಗುಚಿತು.

ನಮ್ಮಲ್ಲೂ ಉದಾಹರಣೆಗಳಿವೆ. 2011ರ ಜನವರಿ 30ರಂದು ಮುಂಬೈ ಹೊರಗೆ ಸರಕು ಹಡಗಿಗೆ ಡಿಕ್ಕಿಯಾಗಿ ಹೊತ್ತಿಕೊಂಡ ಐಎನ್‌ಎಸ್ ವಿಂಧ್ಯಗಿರಿ, ಮರುದಿನ ಧಕ್ಕೆಯ ಪಕ್ಕದಲ್ಲೇ ಮುಳುಗಿತು. ಜೀವಹಾನಿ ಆಗಲಿಲ್ಲ. 2024ರ ಜುಲೈ 21ರ ಸಂಜೆ ಮುಂಬೈ ಡಾಕ್‌ಯಾರ್ಡಿನಲ್ಲಿ ದುರಸ್ತಿಗೆ ನಿಂತಿದ್ದ ಐಎನ್‌ಎಸ್ ಬ್ರಹ್ಮಪುತ್ರಕ್ಕೆ ಬೆಂಕಿ ಬಿತ್ತು. ಬೆಳಗಾಗುವಾಗ ಹತೋಟಿಗೆ ಬಂದಿತ್ತು. ಅದೇ ಮಧ್ಯಾಹ್ನ ಹಡಗು ಎಡಕ್ಕೆ ವಾಲತೊಡಗಿ, ನೆಟ್ಟಗಾಗದೆ, ಪಕ್ಕಕ್ಕೆ ಒರಗಿಬಿಟ್ಟಿತು. ಒಬ್ಬ ನಾವಿಕ ಪ್ರಾಣ ಕಳೆದುಕೊಂಡರು.

ಈ ವಿದ್ಯೆ ಕೆಲವರ ಕೈಯಲ್ಲಷ್ಟೇ ಇದ್ದರೆ ಏನಾಗುತ್ತದೆಂದು ಅಮೆರಿಕದ ವಿಮಾನವಾಹಕ ನೌಕೆ ‘ಫಾರೆಸ್ಟಲ್’ಗೆ 1967ರ ಜುಲೈ 29ರಂದು ಬಿದ್ದ ಬೆಂಕಿ ತೋರಿಸಿತು. ತರಬೇತಿ ಪಡೆದವರು ಮೊದಲ ಬಾಂಬುಗಳ ಸ್ಫೋಟಕ್ಕೇ ಬಲಿಯಾದರು. ಉಳಿದವರು ಧೈರ್ಯದಿಂದಲೇ ಮುನ್ನುಗ್ಗಿದರು, ಆದರೆ ಒಬ್ಬರು ಹರಡಿದ ನೊರೆಯನ್ನು ಇನ್ನೊಬ್ಬರ ನೀರಿನ ಪೈಪು ಕೊಚ್ಚಿಹಾಕಿತು. 134 ಮಂದಿ ಸತ್ತರು. ಅಲ್ಲಿಂದಾಚೆಗೆ ಪ್ರತಿ ನಾವಿಕನಿಗೂ ಬೆಂಕಿಯ ಪಾಠ ಎಂಬುದು ಗಟ್ಟಿಯಾಯಿತು.

ಭಾರತದ ನೌಕಾಪಡೆಗೆ ಆ ಪಾಠದ ಮುಖ್ಯ ಶಾಲೆ ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲಿದೆ, ಸಮುದ್ರದಿಂದ ದೂರ, ಘಟ್ಟದ ಮೇಲೆ. ಹಡಗಿನ ಒಡಲಿನಂತೆ ಕಟ್ಟಿದ, ತೂಗಾಡುವ ಉಕ್ಕಿನ ಕೋಣೆಗಳಿಗೆ ತೂತುಗಳಿಂದ ನೀರು ನುಗ್ಗಿಸುತ್ತಾರೆ. ಮರದ ಬೆಣೆ ಬಡಿದು, ತೊಲೆ ಊರಿ, ಎದೆಮಟ್ಟದ ನೀರಿನಲ್ಲಿ ಅದನ್ನು ತಡೆಯಬೇಕು. ಇಂಥ ಸಿಮ್ಯುಲೇಟರ್‌ಗಳನ್ನು ಕಟ್ಟುವುದು ಕಾರವಾರದ ನೆರೆಯ ಗೋವಾ ಶಿಪ್‌ಯಾರ್ಡ್. ಕಲಿತು ಹಡಗೇರಿದರೂ ಪರೀಕ್ಷೆ ತಪ್ಪುವುದಿಲ್ಲ. ಕೊಚ್ಚಿಯ ‘ವರ್ಕ್‌ಅಪ್’ ತಂಡ ಹಡಗಿಗೇ ಬಂದು ನಕಲಿ ಬೆಂಕಿ, ನಕಲಿ ಗಾಯಾಳುಗಳನ್ನು ಒಡ್ಡಿ ಇಡೀ ಸಿಬ್ಬಂದಿಯನ್ನು ಅಳೆಯುತ್ತದೆ.

ಸಮವಸ್ತ್ರದವರಿಗಷ್ಟೇ ಸೇರಿದ ವಿದ್ಯೆಯೂ ಇದಲ್ಲ. ನಮ್ಮ ಕರಾವಳಿಯಿಂದ ಸರಕು ಹಡಗಿನ ಕೆಲಸಕ್ಕೆ ಹೋಗುವ ಹುಡುಗರೂ ಬೆಂಕಿ ಆರಿಸುವ ಕೋರ್ಸ್ ಮುಗಿಸದೆ ಹಡಗು ಹತ್ತುವಂತಿಲ್ಲ. ಬ್ರಹ್ಮಪುತ್ರದ ಬೆಂಕಿಗೆ ಎರಡೇ ದಿನ ಮುಂಚೆ ಕಾರವಾರದಾಚೆಯ ಕಡಲಿನಲ್ಲಿ ‘ಮೆರ್ಸ್ಕ್ ಫ್ರಾಂಕ್‌ಫರ್ಟ್’ ಕಂಟೇನರ್ ಹಡಗು ಹೊತ್ತಿಕೊಂಡಿತ್ತು. ಕೋಸ್ಟ್ ಗಾರ್ಡ್ ಮಳೆಗಾಲದ ಆ ಕಡಲಿನಲ್ಲಿ ದಿನಗಟ್ಟಲೆ ನೀರು ಹಾರಿಸಿತು, ಹೆಲಿಕಾಪ್ಟರಿನಿಂದ ರಾಸಾಯನಿಕ ಪುಡಿ ಸುರಿಸಿತು. ಆ ಹಡಗು ಮುಳುಗಲಿಲ್ಲ.