ಜಾಮೀನು ನಿಂತವನ ಪಗಾರ

ಆದಿತ್ಯನಗರದ ಕಾರ್ಖಾನೆಯಲ್ಲಿ ನಾನು ಪಗಾರ ವಿಭಾಗದ ಗುಮಾಸ್ತನಾಗಿದ್ದಾಗ ತಿಂಗಳ ಕೊನೆಯ ವಾರ ಪತ್ತಿನ ಸಂಘದಿಂದ ಕಡಿತದ ಪಟ್ಟಿ ಬರುತ್ತಿತ್ತು. ಹೆಸರು, ಟೋಕನ್ ನಂಬರು, ಕಂತು. ಕೆಲವು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ ‘ಜಾ’ ಎಂದಷ್ಟೇ ಬರೆದಿರುತ್ತಿತ್ತು. ಅವರು ಸಾಲ ಪಡೆದವರಲ್ಲ, ಜಾಮೀನು ನಿಂತವರು. ಪಗಾರದ ಚೀಟಿ ಕೈಗೆ ಬಂದೊಡನೆ ಅವರು ನೇರ ನನ್ನ ಕಿಟಕಿಗೆ ಬರುತ್ತಿದ್ದರು. “ಸಾಲ ತಗೊಂಡಾಂವ ನೌಕರಿ ಬಿಟ್ಟು ತಾಂಡೂರಿಗೆ ಹೋಗ್ಯಾನ್ರಿ. ಮೊದಲ ಅವನ್ನ ಹಿಡೀರಿ, ನನ್ನ ಪಗಾರಕ್ಕ ಯಾಕ ಕೈ ಹಾಕ್ತೀರಿ?” ಎಂದು ಒಬ್ಬ ಫಿಟ್ಟರ್ ಜಗಳಕ್ಕೇ ನಿಂತಿದ್ದ.

ನ್ಯಾಯವಾದ ಪ್ರಶ್ನೆಯೇ. ಆದರೆ ಕಾನೂನು ಅವನ ಕಡೆಗಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಬರೆದಿರದಿದ್ದರೆ, ಸಾಲಗಾರನ ಮೇಲೆ ಎಷ್ಟು ಹೊಣೆಯೋ ಜಾಮೀನುದಾರನ ಮೇಲೂ ಅಷ್ಟೇ. ಮೊದಲು ಸಾಲಗಾರನ ಬೆನ್ನು ಹತ್ತಿ, ಆಮೇಲೆ ಜಾಮೀನುದಾರನ ಬಳಿ ಹೋಗಿ ಎಂದು ಕೆಳಗಿನ ಕೋರ್ಟು ಹಾಕಿದ್ದ ಷರತ್ತನ್ನು ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1968ರಲ್ಲೇ ತೆಗೆದುಹಾಕಿತು. ಸಂಘದ ಸದಸ್ಯ ಕಡಿತಕ್ಕೆ ಒಪ್ಪಿಗೆ ಬರೆದುಕೊಟ್ಟಿದ್ದರೆ, ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 34ನೇ ಕಲಮಿನಡಿ ಪಗಾರದಿಂದಲೇ ಹಣ ಹಿಡಿಯಬಹುದು.

ಹಾಗಾದರೆ ಜಾಮೀನುದಾರನಿಗೆ ರಕ್ಷಣೆಯೇ ಇಲ್ಲವೆ? ಇದೆ. ಅವನನ್ನು ಕೇಳದೆ ಸಾಲದ ಷರತ್ತು ಬದಲಿಸಿದರೆ ಆಮೇಲಿನ ವ್ಯವಹಾರಕ್ಕೆ ಅವನು ಹೊಣೆಯಲ್ಲ. ಅವನ ಒಪ್ಪಿಗೆಯಿಲ್ಲದೆ ಸಾಲಗಾರನ ಜೊತೆ ಕರಾರು ಮಾಡಿಕೊಂಡು ಗಡುವು ಮುಂದೂಡಿದರೂ ಅವನು ಬಿಡುಗಡೆ. ಅಡವಿಟ್ಟ ಚಿನ್ನವನ್ನೋ ವಾಹನವನ್ನೋ ಸಾಲ ಕೊಟ್ಟವರೇ ಕೈಬಿಟ್ಟರೆ ಅದರ ಬೆಲೆಯಷ್ಟು ಹೊಣೆ ಇಳಿಯುತ್ತದೆ. ಆದರೆ ವಸೂಲಿಗೆ ಹೋಗದೆ ಸುಮ್ಮನೆ ಕೂತರೆ ಬಿಡುಗಡೆಯಿಲ್ಲ. ಇದೆಲ್ಲ ಕಾಯ್ದೆಯ ಪುಸ್ತಕದಲ್ಲಿದೆ. ಅಚ್ಚು ಹಾಕಿಸಿದ ಜಾಮೀನು ಪತ್ರದಲ್ಲಿ ‘ಈ ಹಕ್ಕುಗಳನ್ನು ಬಿಟ್ಟುಕೊಟ್ಟಿದ್ದೇನೆ’ ಎಂಬ ಸಾಲು ಸಣ್ಣಕ್ಷರದಲ್ಲಿ ಮೊದಲೇ ಕೂತಿರುತ್ತದೆ. ಹೀಗೆ ಬಿಟ್ಟುಕೊಡುವುದು ಸಿಂಧುವೆಂದು ಬ್ಯಾಂಕ್ ಆಫ್ ಬರೋಡಾದ ಪ್ರಕರಣವೊಂದರಲ್ಲಿ ನಮ್ಮ ಹೈಕೋರ್ಟೇ ಹೇಳಿದೆ. ಕಾಯ್ದೆ ಕೊಟ್ಟದ್ದನ್ನು ಫಾರಂ ಕಿತ್ತುಕೊಳ್ಳುವ ಈ ವ್ಯವಸ್ಥೆ ನನಗಂತೂ ಸರಿ ಕಾಣುವುದಿಲ್ಲ.

ಶಹಾಬಾದ್ ಹತ್ತಿರದ ಮರತೂರು ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನ ಊರೆಂದು ನಮ್ಮ ಕಡೆ ಎಲ್ಲರೂ ಹೆಮ್ಮೆಪಡುತ್ತಾರೆ. ಅವನು ಟೀಕೆ ಬರೆದ ಯಾಜ್ಞವಲ್ಕ್ಯ ಸ್ಮೃತಿ ಜಾಮೀನಿನ ವಿಷಯದಲ್ಲಿ ಬಹಳ ಖಡಕ್ಕು. ಪಾಲಾಗದ ಅಣ್ಣತಮ್ಮಂದಿರು, ಗಂಡಹೆಂಡಿರು, ತಂದೆಮಕ್ಕಳು ಒಬ್ಬರಿಗೊಬ್ಬರು ಜಾಮೀನು ನಿಲ್ಲುವಂತಿಲ್ಲ. ಜಾಮೀನುದಾರನಿಂದ ಬಹಿರಂಗವಾಗಿ ಹಣ ಕಟ್ಟಿಸಿಕೊಂಡಿದ್ದರೆ ಸಾಲಗಾರ ಅವನಿಗೆ ಎರಡು ಪಟ್ಟು ಮರಳಿಸಬೇಕು. ಧಾನ್ಯವಾದರೆ ಮೂರು ಪಟ್ಟು, ಬಟ್ಟೆಯಾದರೆ ನಾಲ್ಕು. ಇವತ್ತಿನ ಕರಾರು ಕಾಯ್ದೆಯ 145ನೇ ಕಲಮಿನಲ್ಲಿ ಆ ದುಪ್ಪಟ್ಟಿಲ್ಲ, ನ್ಯಾಯವಾಗಿ ಕಟ್ಟಿದ ಮೊತ್ತವನ್ನು ಮರಳಿ ಪಡೆಯುವ ಹಕ್ಕಷ್ಟೇ ಇದೆ. ಸಾಲ ಪೂರ್ತಿ ತೀರಿಸಿದವನಿಗೆ ಸಾಲ ಕೊಟ್ಟವರ ಬಳಿಯಿದ್ದ ಅಡಮಾನದ ಹಕ್ಕೂ ದಾಟುತ್ತದೆ.

ಕಟ್ಟಿದ ಹಣ ಮರಳಿ ಪಡೆಯುವ ಹಕ್ಕನ್ನು ಚಲಾಯಿಸುವವರೇ ಕಡಿಮೆ. ಸಾಲಗಾರ ಬೀಗನೋ ಗೆಳೆಯನೋ ಆಗಿರುತ್ತಾನೆ, ಕೋರ್ಟಿಗೆಳೆಯಲು ಸಂಕೋಚ. ಸಹಕಾರ ಸಂಘದ ಸಾಲವಾದರೆ ಸಿವಿಲ್ ಕೋರ್ಟಿನವರೆಗೆ ಹೋಗಬೇಕಾಗಿಯೂ ಇಲ್ಲ. ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ರಿಜಿಸ್ಟ್ರಾರರ ಮುಂದೆ ಸಾಲಗಾರನ ಮೇಲೆ ದಾವೆ ಹಾಕಬಹುದು. ಇಬ್ಬರು ಜಾಮೀನುದಾರರಿದ್ದು ಒಬ್ಬನ ಪಗಾರದಿಂದಲೇ ಎಲ್ಲ ಮುರಿದುಕೊಂಡಿದ್ದರೆ ಇನ್ನೊಬ್ಬನಿಂದ ಅರ್ಧ ಕೇಳಬಹುದು. ಆ ಫಿಟ್ಟರ್‌ಗೆ ನಾನು ಇದನ್ನೇ ಹೇಳಿದೆ. ಅವನ ಜೊತೆ ಸಹಿ ಹಾಕಿದ್ದ ಎರಡನೆಯವ ನಿವೃತ್ತನಾಗಿದ್ದರಿಂದ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ.

ಪಗಾರ ಕೋರ್ಟಿನ ಜಪ್ತಿಗೆ ಬಂದಾಗಲೂ ಮಿತಿಯಿದೆ: ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. ಭವಿಷ್ಯನಿಧಿ, ಗ್ರಾಚ್ಯುಟಿಗಳಿಗೂ ಜಪ್ತಿಯಿಲ್ಲ. ಇನ್ನು ತೊಗರಿ ವ್ಯಾಪಾರಿಯ ಕ್ಯಾಶ್ ಕ್ರೆಡಿಟ್‌ನಂಥ ಮುಂದುವರಿಯುವ ಖಾತೆಗೆ ಜಾಮೀನು ನಿಂತವರು ಬ್ಯಾಂಕಿಗೆ ನೋಟಿಸು ಕೊಟ್ಟು ಮುಂದಿನ ವ್ಯವಹಾರದಿಂದ ಹಿಂದೆ ಸರಿಯಬಹುದು. ಅಲ್ಲಿಯವರೆಗಿನ ಬಾಕಿಯ ಹೊಣೆ ಮಾತ್ರ ಉಳಿಯುತ್ತದೆ.

ಸಹಿ ಹಾಕುವ ಮುನ್ನ ಜಾಮೀನು ಪತ್ರದ ನಕಲು ಕೇಳಿ, ಹೊಣೆಯ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ. ಹಣ ಕಟ್ಟಿದರೆ ರಸೀದಿಯಲ್ಲಿ ‘ಜಾಮೀನುದಾರರಿಂದ’ ಎಂದು ನಮೂದಿಸಿಕೊಳ್ಳಿ. ಸಾಲಗಾರನ ಮೇಲಿನ ಸಿವಿಲ್ ದಾವೆಗೆ ಗಡುವು 3 ವರ್ಷ, ಎಣಿಕೆ ನೀವು ಹಣ ಕಟ್ಟಿದ ದಿನದಿಂದ.